ಕಾರಿನ ಮೂಗಿಗೆ ನಾಲ್ಕು ಮಡಿಕೆ

ಗಂಗಾವತಿಯಲ್ಲಿ ಮುಚ್ಚಳವಿಲ್ಲದೆ ಬದುಕಿರುವವನು ಸೂರ್ಯನೊಬ್ಬನೇ ಇರಬೇಕು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಕೊಡವನ್ನಾಗಲಿ, ಉಪ್ಪಿನಕಾಯಿ ಭರಣಿಯನ್ನಾಗಲಿ, ಅಪ್ಪನ ರೇಡಿಯೊವನ್ನಾಗಲಿ ಬಿಡುವುದಿಲ್ಲವಾದ್ದರಿಂದ, ಕಂಡಿದ್ದಕ್ಕೆಲ್ಲ ಅರಿವೆ ಕಟ್ಟುವುದು ನಮ್ಮ ಅಜ್ಜಿಯ ನಿತ್ಯವ್ರತ. ಆ ವ್ರತದ ಫಲವನ್ನು ಈ ಬೇಸಿಗೆಯಲ್ಲಿ ನಾನು ಬಾನೆಟ್ಟಿನೊಳಗೆ ತಲೆಯಿಟ್ಟು ಉಂಡೆ.

ನಮ್ಮದು ಮೂರನೆಯ ಕೈಯ ಕಾರು. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದ ಅಜ್ಜಿಗೆ, ಹೇಮಗುಡ್ಡದ ದುರ್ಗಾದೇವಿಗೆ ಹರಕೆಯ ಸೀರೆ ಮುಟ್ಟಿಸಲು ಅದೊಂದೇ ದಾರಿ. ಅದು ಕೆಮ್ಮತೊಡಗಿದಾಗ, ಎಂಜಿನ್ನಿಗೆ ಗಾಳಿ ಸೋಸಿಕೊಡುವ ದುಂಡು ಡಬ್ಬಿಯನ್ನು, ಅಂದರೆ ಏರ್ ಕ್ಲೀನರನ್ನು, ನಾನೇ ಬಿಚ್ಚಿದೆ. ತಳದಲ್ಲಿ ಧೂಳು ಹಿಡಿಯಲೆಂದು ಇರುವ ಎಣ್ಣೆ ಅಂಬಲಿಯಾಗಿತ್ತು. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಸುರಿದು, "ಇದು ಕಾರಿನ ಮೂಗು. ಇದರಾಗ ಹೊಟ್ಟಿನ ಧೂಳ ಹೊಕ್ಕರ ಎಂಜಿನ್ ಸತ್ತಂಗ" ಎಂದು ಮನೆಮಂದಿಗೆಲ್ಲ ಉಪನ್ಯಾಸವನ್ನೂ ಕೊಟ್ಟೆ. ದಿನಚರಿಯಲ್ಲಿ ತಾರೀಖು ಹಾಕಿ, 'ಏರ್ ಕ್ಲೀನರ್: ಮುಗಿಯಿತು' ಎಂದು ಬರೆದು ಗೆರೆ ಎಳೆದೆ. ಗೆರೆ ಎಳೆದ ಕೆಲಸವನ್ನು ಮತ್ತೆ ಮುಟ್ಟುವುದು ನನ್ನ ಜಾಯಮಾನವಲ್ಲ.

ಮರುದಿನ ಕಾರು ಕಪ್ಪು ಹೊಗೆ ಕಾರುತ್ತ ಗೇಟಿನವರೆಗೆ ಬಂದು ನಿಂತಿತು. ಪ್ಲಗ್ಗುಗಳನ್ನು ತಿಕ್ಕಿದೆ. ಪೆಟ್ರೋಲ್ ಪೈಪು ಊದಹೋಗಿ ಊಟದ ರುಚಿಯನ್ನೇ ಕಳೆದುಕೊಂಡೆ. ಒಂದೊಂದನ್ನೂ ದಿನಚರಿಗೆ ಏರಿಸಿದೆ. ಕಾರು ಮಾತ್ರ ಗೇಟು ದಾಟಲಿಲ್ಲ.

"ಬರದು ಬರದು ಕಾರ್ ನಡಸ್ತಿಯೇನಲೇ?" ಎಂದರು ಅಪ್ಪ. "ಈ ಶುಕ್ರವಾರ ಹೇಮಗುಡ್ಡ ಮುಟ್ಟಲಿಲ್ಲಂದ್ರ ಇದನ್ನ ಗುಜರಿಗೆ ಹಾಕೂದ ನೋಡು."

ಶುಕ್ರವಾರ ಅಜ್ಜಿ ಸೀರೆ, ತೆಂಗಿನಕಾಯಿಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಕಾರು ಮತ್ತೆ ಗೇಟಿನಲ್ಲೇ ಪ್ರಾಣಬಿಟ್ಟಿತು. ನಾನು ಚಕ್ರಕ್ಕೆ ಒದ್ದು, ಒದ್ದ ಕಾಲನ್ನೇ ಹಿಡಿದುಕೊಂಡು ಕುಣಿದೆ.

"ತಮ್ಮಾ," ಎಂದಳು ಅಜ್ಜಿ, ಕಿಟಕಿಯಿಂದ ತಲೆ ಹೊರಹಾಕಿ, "ಅದರ ಬಾಯಿ ಬಿಚ್ಚಿ ನೋಡಿದೇನು?"

"ಯಾವುದರ ಬಾಯಿ?"

"ಆ ಡಬ್ಬಿದು. ಧೂಳ ಹೊಕ್ಕರ ಸಾಯತೈತಿ ಅಂದೆಲ್ಲ, ಹಳೇ ಸೀರಿ ಅರಿವಿ ನಾಕ ಮಡಿಕಿ ಮಾಡಿ ಬಿಗಿಯಾಗಿ ಕಟ್ಟೀನಿ."

ಡಬ್ಬಿಯ ಮೂತಿ ಹಿಂಬದಿಗೆ ತಿರುಗಿತ್ತು. ಕೈಯಾಡಿಸಿದೆ. ಗಂಟು ಸಿಕ್ಕಿತು.

"ಮೊದಲ ಹೇಳಾಕ ಏನಾಗಿತ್ತಬೇ?"

"ಹೇಳಿದ್ರ ನೀ ಬಿಚ್ಚತಿದ್ದಿ. ಮತ್ತ ಧೂಳ ಹೊಕ್ಕತಿತ್ತು."

ಗೆರೆ ಎಳೆದ ಕೆಲಸವನ್ನೇ ಮತ್ತೆ ಮುಟ್ಟಿದೆ. ಅರಿವೆ ಬಿಚ್ಚಿದೊಡನೆ ಕಾರು ಸೀನಿ, ನಿಟ್ಟುಸಿರುಬಿಟ್ಟು, ಹೇಮಗುಡ್ಡದವರೆಗೆ ಒಂದೇ ಉಸಿರಿನಲ್ಲಿ ಓಡಿತು. ಅಜ್ಜಿ ದೇವಿಗೆ ಸೀರೆ ಮುಟ್ಟಿಸಿದಳು. ನನ್ನ ಉಪನ್ಯಾಸದ ಚಟ ಬಿಡಿಸೆಂದು ನಾನೂ ಕೈಮುಗಿದೆ.

ಮರಳುವಾಗ ಹೊಟ್ಟು ತುಂಬಿದ ಲಾರಿಯೊಂದು ನಮ್ಮ ಮುಂದಾಯಿತು. ಸೂರ್ಯನಿಗೂ ಮುಸುಕು ಬಿತ್ತು. ಹಿಂದಿನಿಂದ ಅದೇ ಅರಿವೆ ನನ್ನ ಭುಜದ ಮೇಲೆ ಬಂದಿತು: "ಕಾರಿಂದ ಬ್ಯಾಡಂದ್ರ ಬಿಡು. ನಿನ್ನ ಮೂಗಿಗರ ಕಟ್ಟಿಕೋ."

ಕಟ್ಟಿಕೊಂಡೆ. ಮನೆ ಬರುವಷ್ಟರಲ್ಲಿ ಥೇಟ್ ಕಾರಿನಂತೆಯೇ ಕೆಮ್ಮುತ್ತಿದ್ದೆ. ಬಿಚ್ಚುವ ಧೈರ್ಯವಾಗಲಿಲ್ಲ, ಕನ್ನಡಿಯಲ್ಲಿ ಅಜ್ಜಿ ನೋಡುತ್ತಿದ್ದಳು.