ಬೆಲ್ಲ ಮೆತ್ತಿದ ಗಾಜು

ಕ್ಯಾಮೆರಾದ ಲೆನ್ಸಿನ ಮುಂದೆ ಫಿಲ್ಟರ್ ಇಡಬೇಕೋ ಬೇಡವೋ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಸಿದ್ದಾಪುರದಲ್ಲಿ ಸ್ಟುಡಿಯೋ ಇದ್ದಷ್ಟು ಕಾಲ ನನ್ನ ಉತ್ತರ ಒಂದೇ: ತುಪ್ಪದ ಭರಣಿಯ ಮುಚ್ಚಳ ತೆಗೆದಿಡುತ್ತೀರಾ? ಆ ತೆಳು ಗಾಜನ್ನು ಒಮ್ಮೆ ತಿರುಪಿ ಕೂರಿಸಿದವನು ಮತ್ತೆ ಬಿಚ್ಚಿದವನಲ್ಲ. ಈ ಹಟದಿಂದ ಒಬ್ಬ ಒಳ್ಳೆಯ ಮನುಷ್ಯನ ಮದುವೆ ತಪ್ಪುವುದರಲ್ಲಿತ್ತು. ಬರೀ ಹಟವಲ್ಲ, ಕಳ್ಳಾಟವೂ ಇತ್ತು. ಅದನ್ನು ಹೇಳಿಬಿಡುತ್ತೇನೆ.

ನಮ್ಮ ಪಕ್ಕದ ಮನೆಯವನಿಗೆ ನಲವತ್ತು ದಾಟಿತ್ತು, ಹೆಣ್ಣು ಸಿಕ್ಕಿರಲಿಲ್ಲ. ಯಲ್ಲಾಪುರದ ಕಡೆಯ ಒಂದು ಮನೆಯವರು ಫೋಟೋ ಕೇಳಿದಾಗ ಅವನು ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಸುತ್ತಿದ್ದ. ಬೆಲ್ಲ ಹದಕ್ಕೆ ಬರುವ ಹೊತ್ತಿಗೆ ಒಲೆ ಬಿಟ್ಟು ಬರುವವರುಂಟೇ? ನಾನೇ ಅಲ್ಲಿಗೆ ಹೋದೆ. ಅವನನ್ನು ಕೊಪ್ಪರಿಗೆಯ ಪಕ್ಕ ನಿಲ್ಲಿಸಿ ಬಗ್ಗುತ್ತಿದ್ದಂತೆ ಪಾಕದ ಒಂದು ಹನಿ ಫಿಲ್ಟರಿನ ಮೇಲೆ ಸಿಡಿಯಿತು. ಪಂಚೆಯ ತುದಿಯಿಂದ ಒರೆಸಿದೆ. ಹನಿ ಹೋಗಲಿಲ್ಲ, ಗಾಜಿನ ತುಂಬ ಹರಡಿತು.

ಹಾಗೇ ತೆಗೆದ ಫೋಟೋದಲ್ಲಿ ಅವನ ಕೆನ್ನೆಯ ಗೆರೆ, ಕಿವಿಯ ಪಕ್ಕದ ನರೆ ಎಲ್ಲ ಮಾಯ. ತಲೆಯ ಸುತ್ತ ದೇವರ ಪಟದಂಥ ಬೆಳಕು ಬೇರೆ.

"ಭಾವಾ, ಇದು ಆನೇಯನ?" ಎಂದ, ಅದು ತಾನೇ ಎಂದು ನಂಬಲಾರದೆ.

"ಮತ್ಯಾರು?" ಎಂದೆ.

ಮನೆಯಲ್ಲಿ ಹೆಂಡತಿ ನೋಡಿ, "ಇದೆಂತ, ಕಾಲೇಜು ಮಾಣಿ! ಆ ಗಾಜು ತೆಗ್ದು ಮತ್ತೊಂದು ಹೊಡೀರಿ" ಎಂದಳು.

"ನಿಂಗೆ ಫೋಟೋದ ವಿಷಯ ಗೊತ್ತಿಲ್ಲೆ, ಸುಮ್ನಿರು" ಎಂದು ಅದನ್ನೇ ಕಳಿಸಿದೆ. ಮೋಸ ಎಂದು ಗೊತ್ತಿದ್ದೇ ಕಳಿಸಿದೆ.

ಆಲೆಮನೆ ಮುಗಿಯುವ ಮೊದಲೇ ಹುಡುಗಿ ಅಪ್ಪನನ್ನು ಕರೆದುಕೊಂಡು ಅಲ್ಲಿಗೇ ಬಂದಳು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಾನೂ ಅಲ್ಲೇ ಇದ್ದೆ. ಕಬ್ಬಿನ ಹಾಲು ಕುಡಿದು ಲೋಟ ಇಟ್ಟವಳೇ, ಲೋಟ ಕೊಟ್ಟ ನಮ್ಮ ಪಕ್ಕದ ಮನೆಯವನನ್ನೇ ಕೇಳಿದಳು: "ಫೋಟೋದಲ್ಲಿದ್ದ ಮಾಣಿ ಹತ್ರ ಒಂದು ಮಾತು ಹೇಳದಿತ್ತು. ಎಲ್ಲಿದ್ದ?"

ಅವನು ಸೌಟು ಹಿಡಿದು ಹಾಗೇ ನಿಂತ. ಆ ಮುಖ ನೋಡಲಾರದೆ ನಾನು ಎಲ್ಲ ಒಪ್ಪಿಕೊಂಡೆ: ಗಾಜು, ಪಾಕ, ಪಂಚೆ.

"ಹಂಗಾರೆ ಗಾಜು ತೆಗ್ದು ಈಗೊಂದು ಹೊಡೀರಿ, ನೋಡನ" ಎಂದಳು ಹುಡುಗಿ.

ತಿರುಪಿದೆ. ಬರಲಿಲ್ಲ. ತಿರುಪಿನ ಸಂದಿಯಲ್ಲಿ ಬೆಲ್ಲ ಗಟ್ಟಿಯಾಗಿ ಕೂತಿತ್ತು. ಮದುವೆಯಾಗಬೇಕಾದವನು ಕ್ಯಾಮೆರಾ ಹಿಡಿದ, ಅವಳಪ್ಪ ಬಿಸಿನೀರಿನ ಬಟ್ಟೆ ಸುತ್ತಿದ, ನಾನು ಹಲ್ಲು ಕಚ್ಚಿ ತಿರುಗಿಸಿದೆ. ಕೊನೆಗೆ ಟಕ್ ಎಂದು ಬಿಚ್ಚಿಕೊಂಡಿತು.

ಬರಿ ಲೆನ್ಸಿನಲ್ಲಿ ಅವನ ಒಂದೊಂದು ನರೆಯೂ ಬಂತು, ಮೂಗಿನ ಮೇಲಿನ ಮಸಿಯೂ ಬಂತು. ಅವಳು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದಳು.

"ಇವ್ರು ಅಡ್ಡಿಲ್ಲೆ. ಆ ಫೋಟೋ ನೋಡಿ ಬೇಡ ಹೇಳಲೇ ಆನು ಬಂದಿದ್ದಿ. ನಂಗೆ ಮೂವತ್ತೆಂಟು. ಆ ಸಣ್ಣ ಮಾಣಿ ಸಾಕಲೆ ನನ್ನ ಕೈಲಾಗ್ತಿಲ್ಲೆ."

ಅವರ ಮದುವೆಯಲ್ಲಿ ಫಿಲ್ಟರ್ ಇಲ್ಲದೇ ಫೋಟೋ ತೆಗೆದೆ. ಯಾರಾದರೂ ಪಾಯಸದ ಸೌಟು ಹಿಡಿದು ಹತ್ತಿರ ಬಂದರೆ ಕ್ಯಾಮೆರಾ ತಬ್ಬಿಕೊಂಡು ಓಡುತ್ತಿದ್ದೆ. ಆ ಗಾಜು ಈಗ ನನ್ನ ಹೆಂಡತಿಯ ಸುಣ್ಣದ ಡಬ್ಬಿಗೆ ಮುಚ್ಚಳ. ಎಷ್ಟು ತೊಳೆದರೂ ಇರುವೆ ಬರುವುದು ನಿಂತಿಲ್ಲ.