ತಿಕೋಟಾದ ಇಳಿಜಾರಿನಲ್ಲಿ ನಮ್ಮ ಮನೆ

ಗೆಳತಿಯರೇ, ನಾನು ಗೆದ್ದೆ, ಇನ್ನು ನಮ್ಮವರ ವ್ಯಾನೇ ನನ್ನ ಮನೆ! ರಸ್ತೆ ಕೆಲಸಕ್ಕೆ ಊರೂರು ಅಲೆಯುವ ಅವರು ಅದರೊಳಗೆ ಮಂಚ, ಸ್ಟೋವ್, ವ್ಯಾನಿನ ಬ್ಯಾಟರಿಗೇ ಜೋಡಿಸಿದ ಬಲ್ಬು ಎಲ್ಲ ಕೂಡಿಸಿದ್ದಾರೆ. ನನ್ನನ್ನು ಅಥಣಿ ರಸ್ತೆಯ ತಮ್ಮ ಮನೆಗೆ ಕರೆದೊಯ್ಯಲು ಅತ್ತೆ ಇವತ್ತು ತಿಕೋಟಾಕ್ಕೇ ಬಂದುಬಿಟ್ಟರು.

“ಕರೆಂಟಿನ ತಂತಿ ಇಲ್ಲದ್ದು ಎಂಥಾ ಮನಿ ಬೇ? ನಡಿ, ಗಂಟು ಕಟ್ಟು.”

“ಇಲ್ಲೂ ಕರೆಂಟ್ ಐತಿ ನೋಡವ್ವಾ,” ಎಂದು ನಮ್ಮವರು ಬಲ್ಬು, ರೇಡಿಯೋ ಎರಡನ್ನೂ ಹಚ್ಚಿ ಜಂಬದಿಂದ ಕೂತರು. ಊಟ, ಹರಟೆ ಮುಗಿಯುವಷ್ಟರಲ್ಲಿ ಬ್ಯಾಟರಿ ಖಾಲಿ. ವ್ಯಾನು ಚಾಲೂ ಆಗಲೇ ಇಲ್ಲ.

“ಹೇಳಿದ್ನಿಲ್ಲೋ?” ಎನ್ನುತ್ತ ಅತ್ತೆ ನನ್ನ ಟ್ರಂಕಿಗೆ ಕೈ ಹಾಕಿದರು.

ಆದರೆ ಬ್ಯಾಟರಿಯನ್ನು ನಂಬದೆ ವ್ಯಾನನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದವಳು ನಾನು! ಸ್ಟೇರಿಂಗ್ ಹಿಡಿದು ಕೂತು, “ಅತ್ತೀ, ಒಂದ ಸಲ ನೂಕ್ರಿ!” ಎಂದೆ. ತಾಯಿ ಮಗ ಇಬ್ಬರೂ ನೂಕಿದರು. ವ್ಯಾನು ಉರುಳಿತು, ನಾನು ಕ್ಲಚ್ ಬಿಟ್ಟೆ, ಎಂಜಿನ್ ಗುಡುಗಿತು, ಬಲ್ಬು ಹತ್ತಿತು!

ಅತ್ತೆ ಸೆರಗಿನಿಂದ ಬೆವರೊರೆಸಿಕೊಂಡು ಮಗನಿಗೆ ಹೇಳಿದರು: “ಕರೆಂಟ್ ಈಕಿ ಕಾಲಾಗ ಐತೋ! ಈಕಿ ಇಲ್ಲೇ ಇರ್ಲಿ, ಇಲ್ಲಾಂದ್ರ ನೀ ದಾರ್ಯಾಗ ಕುಂದರ್ತಿ.”

ಉಳಿದದ್ದನ್ನೆಲ್ಲ ನಿಮ್ಮ ಹುಬ್ಬಳ್ಳಿಗೆ ಬಂದೇ ಹೇಳುತ್ತೇನೆ. ರೈಲು ನಡುವೆ ನಿಂತರೂ ಚಿಂತೆಯಿಲ್ಲ, ನೂಕಲು ಅತ್ತೆಯೂ ಬರುತ್ತಿದ್ದಾರೆ: ಶನಿವಾರ, ಬೆಳಗಿನ ಹುಬ್ಬಳ್ಳಿ ಪ್ಯಾಸೆಂಜರ್.