ಚಂದ್ರನ ಮಣ್ಣು ಅರೆಯುವ ಬೋರವ್ವ

ಇಳಕಲ್ ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ಹುನಗುಂದ ರಸ್ತೆಯ ಬದಿಯ ತಗಡಿನ ಶೆಡ್ಡಿನ ಬಾಗಿಲಲ್ಲಿ ಬೋರವ್ವ ತಮ್ಮ ನೀರಿನ ತಂಬಿಗೆಯನ್ನು ಕೆಳಗಿಡುತ್ತಾರೆ. ಹಳೆಯ ಸೀರೆಯ ತುಂಡನ್ನು ಮಡಿಸಿ ಮೂಗು ಬಾಯಿಗೆ ಬಿಗಿದು, ಅದರ ಮೇಲೆ ಬಿಳಿಯ ಮಾಸ್ಕ್ ಏರಿಸುತ್ತಾರೆ. ತಂಬಿಗೆ ಹೊರಗೇ ಉಳಿಯುತ್ತದೆ. ಈ ಶೆಡ್ಡಿನೊಳಗೆ ಒಂದು ಹನಿ ನೀರಿಗೂ ಅಪ್ಪಣೆಯಿಲ್ಲ.

ಗಾಳಿ ಏಳುವ ಮುಂಚೆ ಕೆಲಸ ಮುಗಿಯಬೇಕು. ಕರಿಕಲ್ಲಿನ ಚೂರುಗಳನ್ನು ಬುಟ್ಟಿಯಲ್ಲಿ ತುಂಬಿ ಯಂತ್ರದ ಬಾಯಿಗೆ ಸುರಿಯುತ್ತಾರೆ. ಪುಡಿಯನ್ನು ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಮೂರು ಜರಡಿಗಳಲ್ಲಿ ಹಿಡಿಯುತ್ತಾರೆ. ಕೊನೆಯ ಜರಡಿಯಿಂದ ಇಳಿಯುವುದು ಗೋದಿಹಿಟ್ಟಿಗಿಂತ ನುಣುಪು. ಅದನ್ನು ಡ್ರಮ್ಮಿಗೆ ತುಂಬಿ ಮುಚ್ಚಳ ಬಿಗಿಯುವ ಹೊತ್ತಿಗೆ ಬೋರವ್ವನ ಹುಬ್ಬು, ರೆಪ್ಪೆ, ಮೂಗುತಿ ಎಲ್ಲ ಒಂದೇ ಬೂದಿ ಬಣ್ಣ. ದಿನಕ್ಕೆ ಒಂದು ಡ್ರಮ್ಮು, ಆರ್ಡರ್ ಜೋರಿದ್ದಾಗ ಎರಡು.

"ಚಂದಪ್ಪನ ಮಣ್ಣಂತರಿ ಇದು," ಎಂದು ಮಾಸ್ಕ್ ಇಳಿಸಿ ಹೇಳುತ್ತಾರೆ. "ಅಲ್ಲಿ ಮನಿ ಕಟ್ತಾರಂತ. ಅಲ್ಲೀ ಮಣ್ಣ ತರೂದು ಕಷ್ಟ, ಅದಕ್ಕ ಅದರಂಥಾದ್ದ ನಾ ಮಾಡಿ ಕೊಡ್ತೇನಿ."

ಮನುಷ್ಯ ಬೇರೆ ಲೋಕಕ್ಕೆ ಹೋಗಿ ಊರು ಕಟ್ಟಬೇಕೇ ಬೇಡವೇ ಎಂದು ಟೀವಿಯಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ. ಕೋಟು ಹಾಕಿದವರು ಕೈ ಬೀಸಿ ಬೀಸಿ ಮಾತಾಡುತ್ತಾರೆ. ಅವರಲ್ಲಿ ಯಾರಿಗೂ ಈ ತಗಡಿನ ಶೆಡ್ಡಿನ ಗಂಧಗಾಳಿ ಇಲ್ಲ. ದೂರದ ಒಂದು ಪ್ರಯೋಗಾಲಯ ಚಂದ್ರನ ಮೇಲಿನ ಮನೆಗೆ ಇಟ್ಟಿಗೆ ಹೇಗಿರಬೇಕೆಂದು ಪರೀಕ್ಷೆ ಮಾಡುತ್ತಿದೆ. ಆ ಇಟ್ಟಿಗೆಯ ಪುಡಿ ಬೋರವ್ವನ ಕೈಯಿಂದ ಹೋಗುತ್ತದೆ.

ಬೋರವ್ವ ಕಮತಗಿಯ ಹತ್ತಿರದ ಕುರುಬರ ಮನೆಯ ಮಗಳು. ಮನೆದೇವರು ಬೀರಪ್ಪನ ಅರಿಶಿನದ ಭಂಡಾರ ಹಚ್ಚಿಕೊಂಡು ತವರಿನ ಕುರಿಗಳ ಹಿಂದೆ ಓಡಾಡಿ ಬೆಳೆದವರು. ಮದುವೆಯಾಗಿ ಇಳಕಲ್ಲಿಗೆ ಬಂದಾಗ ಗಂಡ ಗುರಪ್ಪನಿಗೆ ಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಹಿಡಿಯುವ ಕೆಲಸ. ಬಂಡೆಗೆ ತೂತು ಕೊರೆಯುವಾಗ ಏಳುವ ಧೂಳನ್ನು ಅವರು ಇಪ್ಪತ್ತು ವರ್ಷ ಉಸಿರಾಡಿದರು. ಕೆಮ್ಮು ಶುರುವಾದಾಗ ಮೊದಲು ಟಿ.ಬಿ. ಎಂದು ಗುಳಿಗೆ ನುಂಗಿಸಿದರು. ಆಮೇಲೆ ಯಾರೋ ಎಕ್ಸ್‌ರೇ ಹಿಡಿದು ನೋಡಿ, ಇದು ಕಲ್ಲಿನ ಧೂಳು, ಎದೆಯಲ್ಲೇ ಗಟ್ಟಿಯಾಗಿದೆ, ಇದಕ್ಕೆ ಔಷಧಿಯಿಲ್ಲ ಎಂದರು.

ಕಲ್ಲಿನ ಕೆಲಸದಲ್ಲಿ ಇಲ್ಲೊಂದು ರೂಢಿ ಇದೆ. ಆಳು ಹಾಸಿಗೆ ಹಿಡಿದರೆ ಆತನ ಜಾಗ ಹೊರಗಿನವರಿಗೆ ಹೋಗುವುದಿಲ್ಲ. ಆ ಮನೆಯವರೇ ಒಬ್ಬರು ಬಂದು ತುಂಬಬೇಕು. ಮನೆಯ ಒಲೆ ಆರದಿರಲಿ ಎಂದು ಹಿಂದಿನವರು ಮಾಡಿಕೊಂಡ ಉಪಕಾರ ಇದು. ಆದರೆ ಜಾಗದ ಜೊತೆ ಆ ಜಾಗದ ಧೂಳೂ ಬರುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗುರಪ್ಪನ ಜಾಗಕ್ಕೆ ಬೋರವ್ವ ಬಂದರು. ಮೊದಲು ಪಾಲಿಶ್ ಯಂತ್ರದ ಹತ್ತಿರ ಕೆಲಸ. ಅಲ್ಲಿ ಕಲ್ಲಿನ ಮೇಲೆ ಸದಾ ನೀರು ಸುರಿಯುತ್ತದೆ, ಧೂಳು ಕೆಸರಾಗಿ ಕಾಲುವೆಗೆ ಹರಿಯುತ್ತದೆ. ಚಂದ್ರನ ಆರ್ಡರ್ ಬಂದ ಮೇಲೆ ಅವರನ್ನು ಈ ಒಣ ಶೆಡ್ಡಿಗೆ ಹಾಕಿದರು.

ಬಂದ ಹೊಸದರಲ್ಲಿ ಅವರಿಂದ ಒಂದು ತಪ್ಪು ಆಯಿತು. ಕಸ ಗುಡಿಸುವ ಮುಂಚೆ ನೆಲಕ್ಕೆ ನೀರು ಚಿಮುಕಿಸುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಒಂದು ಬೆಳಿಗ್ಗೆ ಚೆಲ್ಲಿದ ಪುಡಿಯನ್ನು ಬಳಿಯುವ ಮುಂಚೆ ಕೈ ತಾನಾಗಿಯೇ ತಂಬಿಗೆಗೆ ಹೋಯಿತು. ಬಳಿದ ಪುಡಿ ಡ್ರಮ್ಮಿಗೆ ಬಿತ್ತು. ಹದಿನೈದು ದಿನದ ಮೇಲೆ ಆ ಡ್ರಮ್ಮು ಹೆಂಟೆಗಟ್ಟಿ ವಾಪಸು ಬಂತು.

"ನಾನೂ ಭಾಳ ಬೈದೆರಿ," ಎನ್ನುತ್ತಾರೆ ಶೆಡ್ಡಿನ ಮೇಸ್ತ್ರಿ ಗೌಸಸಾಬ. "ಬೋರವ್ವಕ್ಕ, ಚಂದ್ರನ ಮಣ್ಣಿಗೆ ನೀರ ತಾಗಬಾರದು ಅಂತ ಎಷ್ಟ ಸಲ ಹೇಳೂದು ಅಂದೆ. ಆಕಿ ಏನಂದ್ಳು ಗೊತ್ತೇನ್ರಿ? ನೀರ ಹಾಕಲಾರದ ಕಸ ಹೊಡದ್ರ ಮನ್ಯಾಗಿನವ್ರ ಕಣ್ಣಾಗ ಧೂಳ ಹೋಗ್ತೈತಲ್ಲ ಗೌಸಣ್ಣ ಅಂದ್ಳು." ಅಂದಿನಿಂದ ತಂಬಿಗೆ ಬಾಗಿಲ ಹೊರಗೆ.

ಪ್ರಯೋಗಾಲಯದಿಂದ ಡ್ರಮ್ಮು ಒಯ್ಯಲು ಬರುವ ಹುಡುಗ ಗೌತಮ. ಒಳ್ಳೆಯವನು, ಬಂದಾಗಲೆಲ್ಲ ಮಾಸ್ಕಿನ ಪೆಟ್ಟಿಗೆ ತರುತ್ತಾನೆ. ಭೂಮಿಗೆ ಏನಾದರೂ ಆದರೆ ಮನುಷ್ಯನಿಗೆ ಇನ್ನೊಂದು ಮನೆ ಇರಬೇಕು ಎಂದು ಮನಸಾರೆ ನಂಬಿದವನು. "ಅಲ್ಲಿನ ಧೂಳು ಗಾಜಿನ ಚೂರಿದ್ದ ಹಾಗೆ ಸರ್, ಶ್ವಾಸಕೋಶಕ್ಕೆ ಇಳಿದರೆ ಮುಗೀತು," ಎಂದು, ಬೋರವ್ವನ ಬಗ್ಗೆ ಬರೆಯಲು ಬಂದಿರುವ ನನಗೆ ವಿವರಿಸುತ್ತಾನೆ. "ನಾಳೆ ಅಲ್ಲಿ ಇರೋವರಿಗೆ ಒಬ್ಬರಿಗೂ ಅದು ತಾಗಬಾರದು. ಅದಕ್ಕೇ ಇಷ್ಟೆಲ್ಲ ಪರೀಕ್ಷೆ." ಆತನ ಬೆನ್ನ ಹಿಂದೆ ಬೋರವ್ವ ಕೆಮ್ಮುತ್ತಿದ್ದಾರೆ. ಹುಡುಗ ತಿರುಗಿ ನೋಡಿ, ತಂದ ಮಾಸ್ಕಿನ ಪೆಟ್ಟಿಗೆಯನ್ನು ಬಿಚ್ಚತೊಡಗುತ್ತಾನೆ.

ಮನೆಗೆ ಹೋದರೆ ಗುರಪ್ಪ ಹೊಸ್ತಿಲ ಬಳಿ ದಿಂಬಿಗೆ ಒರಗಿ ಕೂತಿದ್ದಾರೆ. ಮಲಗಿದರೆ ಉಸಿರು ಸಿಗುವುದಿಲ್ಲ, ಹಾಗಾಗಿ ನಿದ್ದೆಯೂ ಕೂತೇ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ನಗುತ್ತಾರೆ. "ಅಲ್ಲಿ ಉಸರಾಡಾಕ ಗಾಳಿನ ಇಲ್ಲಂತಲ್ರಿ? ಹಂಗಾರ ನಾ ಒಮ್ಮಿ ಹೋಗಿ ಬಂದಂಗ ಆತು ಬಿಡ್ರಿ." ನಗು ಕೆಮ್ಮಾಗುತ್ತದೆ, ಕೆಮ್ಮು ನಿಲ್ಲುವುದೇ ಇಲ್ಲ. ಸೊಸೆ ಸವಿತಾ ಓಡಿ ಬಂದು ಬೆನ್ನು ನೀವುತ್ತಾಳೆ.

ಬೋರವ್ವನ ಜೀವ ಇರುವುದು ಈ ಸವಿತಾಳ ಮೇಲೆ. ಮಗ ಮುತ್ತುರಾಜ ಕಲ್ಲಿನ ಲಾರಿ ಹತ್ತಿದರೆ ಕಡಲ ಬಂದರು ಮುಟ್ಟಿ ಬರಲು ವಾರಗಟ್ಟಲೆ ಬೇಕು. ಸೊಸೆಯ ತೊಡೆಯ ಮೇಲೆ ಹಾಲು ಕುಡಿಯುವ ಕೂಸಿದೆ. ಆರ್ಡರ್ ಹೆಚ್ಚಾದಾಗ ಗೌಸಸಾಬ, ಸೊಸೆಯನ್ನೂ ಕರೆದುಕೊಂಡು ಬಾ ಎಂದರು. ಬೋರವ್ವ ಒಪ್ಪದೆ ಎರಡನೆಯ ಡ್ರಮ್ಮನ್ನೂ ತಾವೇ ಅರೆದರು. "ಒಂದ ಮನ್ಯಾಗ ಎಷ್ಟ ಮಂದೀ ಎದಿ ಕೊಡೂದ್ರಿ? ಅವರದು ಹೋತು. ನಂದೂ ಅರ್ಧ ಹೋಗೇತಿ. ಈ ಜಾಗಾ ನನ್ನ ಸಂಗಾಟನ ಮುಗೀಲಿ."

ಫೋಟೋ ತೆಗೆಯಲೆಂದು ನಾನು ಎರಡನೆಯ ಸಲ ಇಳಕಲ್ಲಿಗೆ ಬಂದ ದಿನ ಮನೆಯ ಮುಂದೆ ಜನ ನೆರೆದಿದ್ದಾರೆ. ಗುರಪ್ಪ ಬೆಳಗಿನ ಜಾವ ಕೂತಲ್ಲೇ ಹೋಗಿದ್ದಾರೆ. ಮಗ ಮುತ್ತುರಾಜ ಇನ್ನೂ ಲಾರಿಯ ಮೇಲೆ ದೂರದಲ್ಲಿದ್ದಾನೆ. ಕ್ಯಾಮೆರಾ ಚೀಲದಿಂದ ಹೊರಗೆ ಬರಲಿಲ್ಲ, ನಾನು ಸುಮ್ಮನೆ ಹಿಂದೆ ನಡೆದೆ.

ಮಣ್ಣು ಮಾಡುವ ಜಾಗದಲ್ಲಿ ಅಗೆದು ಹಾಕಿದ ಮಣ್ಣು ಬಿಸಿಲಿಗೆ ಒಣಗಿ ಪುಡಿಪುಡಿಯಾಗಿತ್ತು. ದೇಹವನ್ನು ಇಳಿಸಿದರು. ಎಲ್ಲರೂ ಹಿಡಿಮಣ್ಣು ಹಾಕಲು ಬಗ್ಗಿದಾಗ ಬೋರವ್ವ, "ತಡೀರಿ" ಎಂದರು. ಸೆರಗಿನ ಮರೆಯಿಂದ ತಂಬಿಗೆ ತೆಗೆದರು. ಮಣ್ಣಿನ ಗುಡ್ಡೆಯ ಸುತ್ತ ಬಂದು, ಅಂಗಳಕ್ಕೆ ಚಿಮುಕಿಸುವ ಹಾಗೆ ನೀರು ಚಿಮುಕಿಸಿದರು. ತಂಬಿಗೆ ಬರಿದಾದ ಮೇಲೆ ಇನ್ನೊಂದು ತರಿಸಿದರು.

"ಇನ್ನರ ಅವರ ಮ್ಯಾಲೆ ಧೂಳ ಬ್ಯಾಡ," ಎಂದರು. "ಈಗ ಹಾಕ್ರಿ."

ಹಸಿ ಮಣ್ಣು ಸದ್ದಿಲ್ಲದೆ ಬಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಗೌಸಸಾಬರೂ ಮುಖ ತಿರುಗಿಸಿ ನಿಂತಿದ್ದರು.

ಮಣ್ಣು ಮಾಡಿ ಬಂದ ಮೇಲೆ ಗಂಡ ಹೋದವಳು ಹನ್ನೊಂದು ದಿನ ಹೊಸ್ತಿಲು ದಾಟಬಾರದು ಎಂಬುದು ಅವರ ಮನೆತನದ ಕಟ್ಟಳೆ. ಡ್ರಮ್ಮಿನ ಗಡುವಿಗೆ ಈ ಕಟ್ಟಳೆ ಗೊತ್ತಿಲ್ಲ. ಮೂರನೆಯ ದಿನ ನೆಂಟರು ಮಣ್ಣಿಗೆ ಹಾಲು ಎರೆದು ಬಂದ ಮಧ್ಯಾಹ್ನ, ಬೆಳಿಗ್ಗೆಯಿಂದ ಕಾಣದಿದ್ದ ಸವಿತಾ ಹಿತ್ತಲಿಂದ ಒಳಗೆ ಬಂದಳು. ತವರಿನವರ ಹತ್ತಿರ ಹೋಗಿದ್ದೆ ಎಂದಳು. ಅವಳ ಕಣ್ಣಿನ ರೆಪ್ಪೆ ಬೂದಿ ಬಣ್ಣವಾಗಿತ್ತು. ಕೆಲಸದ ಜಾಗ ಕೈಬಿಟ್ಟು ಹೋದೀತೆಂದು ಅತ್ತೆಗೆ ಹೇಳದೆ ಶೆಡ್ಡಿಗೆ ಹೋಗಿ ಬಂದಿದ್ದಳು.

ಬೋರವ್ವ ನೀರು ಕಾಸಿ, ಸೊಸೆಯನ್ನು ಬಚ್ಚಲಲ್ಲಿ ಕೂರಿಸಿ, ತಲೆಗೂದಲ ಎಳೆಎಳೆ ಬಿಡಿಸಿ ತೊಳೆದರು. ಕಿವಿ, ಮೂಗು ಒರೆಸಿದರು. ಎಷ್ಟು ತೊಳೆದರೂ ಒಳಗೆ ಹೋದದ್ದು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ಅಳ್ಕೋತ ತೊಳದ್ರು, ನನಗ ಒಂದ ಮಾತ ಅನ್ಲಿಲ್ಲರಿ," ಎನ್ನುತ್ತಾಳೆ ಸವಿತಾ. ಮರುದಿನ ನಸುಕಿನಲ್ಲಿ ಬೋರವ್ವ ಕಟ್ಟಳೆ ಮುರಿದು ಹೊಸ್ತಿಲು ದಾಟಿದರು. ಓಣಿಯವರು ಆಡಿಕೊಂಡರು, ಆಡಿಕೊಳ್ಳಲಿ.

ಈಗ ನಾನು ಅದೇ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೇನೆ. ಒಳಗೆ ಯಂತ್ರ ತಿರುಗುತ್ತಿದೆ. ಕೂಸನ್ನು ಎತ್ತಿಕೊಂಡು ಬುತ್ತಿ ತಂದ ಸವಿತಾಳನ್ನು ಬೋರವ್ವ ರಸ್ತೆಯ ಆಚೆಯ ಬೇವಿನ ಮರದ ಕೆಳಗೇ ನಿಲ್ಲಿಸಿದ್ದಾರೆ, ಇತ್ತ ಬರಬೇಡ ಎಂದು ಕೈಸನ್ನೆ ಮಾಡುತ್ತಾರೆ. ಹೊರಬಂದು ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸುತ್ತಾರೆ. ಉಗುಳಿದ ನೀರು ಬೂದಿ ಬಣ್ಣ.

ಕೇಳಲೋ ಬೇಡವೋ ಎನ್ನುತ್ತಲೇ ಕೇಳುತ್ತೇನೆ: ಮನುಷ್ಯರು ಅಲ್ಲಿ ಹೋಗಿ ಇರಬೇಕೇನು, ಬೋರವ್ವ?

ಅವರು ಬೇವಿನ ಮರದತ್ತ ನೋಡುತ್ತಾರೆ.

"ಹೋಗವ್ರ ಹೋಗ್ಲಿರಿ, ಬ್ಯಾಡ ಅನ್ನಾಕ ನಾ ಯಾರು? ಅಲ್ಲೆ ಹೋದವ್ರ ಎದಿಗೆ ಧೂಳ ಹತ್ತಬಾರದು ಅಂತ ಇಷ್ಟೆಲ್ಲಾ ಮಾಡಾಕತ್ತಾರಂತ, ಗೌತಮ ಸರ್ ಹೇಳ್ಯಾರ. ಚಲೋನ ಆತು." ತಂಬಿಗೆಯನ್ನು ಮತ್ತೆ ಬಾಗಿಲ ಹೊರಗಿಟ್ಟು, ಸೀರೆಯ ತುಂಡನ್ನು ಮೂಗಿಗೆ ಬಿಗಿಯುತ್ತಾರೆ. "ನಮ್ಮ ಸವಿತಾನ ಎದಿಗೂ ಹತ್ತಬಾರದು ಅಂತ, ಆ ಮಂದೀ ಪಟ್ಟಿಯೊಳಗ ಅಕೀದೂ ಒಂದ ಹೆಸರ ಬರೀರಿ."